ಹುಮ್ರಖನ ನಾಣ್ಯದ ಮೂಗು

ನನ್ನ ಸೋದರಮಾವ ಪದ್ರಮನಿಗೆ ಇಡೀ ಜಗತ್ತು ತಿರುಗುಮುರುಗಾಗಿಯೇ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಅಲ್ಲ, ಟಂಕಸಾಲೆಯಲ್ಲಿ ಅಚ್ಚು ಕೊರೆಯುವ ಕೆಲಸ ಹಿಡಿದಾಗಿನಿಂದ. ನಾಣ್ಯದ ಮೇಲೆ ಕಾಡುಹಂದಿ ಬಲಕ್ಕೆ ಓಡಬೇಕೆಂದರೆ ಕಂಚಿನ ಅಚ್ಚಿನಲ್ಲಿ ಅದು ಎಡಕ್ಕೆ ಓಡಬೇಕು, ಉಬ್ಬಬೇಕಾದ ಬೆನ್ನು ಗುಳಿಬೀಳಬೇಕು, ಅಕ್ಷರಗಳೆಲ್ಲ ಕೊನೆಯಿಂದ ಮೊದಲಿಗೆ ಬರಬೇಕು. ಹೀಗೆ ಕೊರೆದೂ ಕೊರೆದೂ ಮಾವ ಎದುರಿಗೆ ಯಾರು ಬಂದರೂ ಅವರ ಮುಖವನ್ನು ಮನಸ್ಸಿನಲ್ಲೇ ತಿರುಗಿಸಿ, ಗುಳಿ ತೋಡಿ, ಅಚ್ಚು ಮಾಡಿಬಿಡುತ್ತಿದ್ದ. ನನ್ನ ಮದುವೆಯ ದಿನ ಎಲ್ಲರೂ ಹರಸುತ್ತಿದ್ದರೆ ಇವನು ನನ್ನ ಗಂಡನನ್ನೇ ದಿಟ್ಟಿಸಿ ನೋಡಿ, "ಹುಡುಗ ಪರವಾಗಿಲ್ಲ ಕಣೇ. ಕಿವಿ ಕೊರೆಯೋದು ಮಾತ್ರ ಕಷ್ಟ" ಅಂದುಬಿಟ್ಟಿದ್ದ!

ಅಷ್ಟು ಮಾತಾಡಿದ್ದೇ ಹೆಚ್ಚು. ಅವನಿಗೆ ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಸೇರಿಸಿ ದೇವರು ತಿಕೆಯು ಅತ್ತೆಗೇ ಕೊಟ್ಟುಬಿಟ್ಟಿದ್ದ. ಅತ್ತೆ ಒಲೆಯ ಮುಂದೆ ಬಾರ್ಲಿ ರೊಟ್ಟಿ ತಟ್ಟುತ್ತಾ ಊರಿನ ಸುದ್ದಿಯೆಲ್ಲ ಹೇಳುವುದು, ಮಾವ ಅಂಜೂರ ತಿನ್ನುತ್ತಾ ಹೂಂಗುಟ್ಟುವುದು, ಇದು ಅವರ ಸಂಸಾರ.

ಮಾವ ಬಾಯಿಬಿಟ್ಟು ಹಟ ಮಾಡಿದ್ದು ಒಂದೇ ವಿಷಯಕ್ಕೆ: ಗೋರಿ. ಮದುವೆಯಾಗಿ ಮಗ ದೊಡ್ಡವನಾಗತೊಡಗಿದ ಮೇಲೆ ಎಲ್ಲ ಗಂಡಸರ ಹಾಗೆ ಅವನೂ ಊರ ಮೇಲಿನ ಬಂಡೆಯಲ್ಲಿ ಗೋರಿ ಕೊರೆಸಿದ. ತೊಲೆ, ಜಂತಿ, ಬಾಗಿಲು ಎಲ್ಲ ಮನೆಯ ಹಾಗೇ, ಮರದ ಬದಲು ಕಲ್ಲು ಅಷ್ಟೇ. ಒಳಗೆ ಬಲಕ್ಕೆ ಗಂಡಹೆಂಡತಿಗೆ ಒಂದು ಜಗಲಿ, ಎಡಕ್ಕೆ ಮಗನಿಗೆ ಒಂದು. ಕೆಲಸವೆಲ್ಲ ಮುಗಿದು ಬಾಗಿಲ ಮೇಲೆ ಬರೆಸುವ ಹೊತ್ತಿಗೆ ಅತ್ತೆಯ ತಮ್ಮ ಬಂದ. ಕುಡುಕ, ಊರೆಲ್ಲ ಸಾಲ, ಸ್ವಂತ ಗೋರಿಯಿಲ್ಲ.

"ಭಾವಾ, ನಂಗೂ ಒಂದ್ ಮೂಲೆ ಕೊಡು. ಸತ್ತ ಮೇಲೆ ಕುಡಿಯಲ್ಲ, ಆಣೆ."

"ಬದುಕಿದ್ದಾಗ ನಮ್ಮನೇಲಿ ಮಲಗಿದ್ದು ಸಾಕು," ಎಂದ ಮಾವ.

ಊರಿನ ಗೋರಿಗಳ ಮೇಲೆಲ್ಲ ಒಂದು ಸಾಲು ಇರುತ್ತದೆ: ತನಗೆ, ಹೆಂಡತಿಗೆ, ಮಕ್ಕಳಿಗೆ, "ಮತ್ತು ತಾನು ಒಪ್ಪಿದವರಿಗೆ." ಆ ಕೊನೆಯ ಮಾತನ್ನು ಮಾವ ಬೇಕೆಂದೇ ಬಿಡಿಸಿಬಿಟ್ಟ! ನಾಳೆ ತಾನು ಸತ್ತರೆ ಅತ್ತೆ ಕರಗಿ ತಮ್ಮನನ್ನು ಒಳಗೆ ಸೇರಿಸಿಯಾಳು ಅಂತ ಭಯ. "ಎರ್ಬಿಯ ಮಗ ಪದ್ರಮ ಇದನ್ನು ಕಟ್ಟಿದ. ತನಗೆ, ಹೆಂಡತಿ ತಿಕೆಯುಗೆ, ತಿಕೆಯುವಿನ ಮಗ ಪುರಿಹಿಗೆ. ಬೇರೆ ಯಾರನ್ನು ಮಲಗಿಸಿದರೂ ತಾಯಿದೇವಿ ಹೊಡೆಯಲಿ, ಮಿಂತಿ ದಂಡ ಹಾಕಲಿ." ನಮ್ಮಲ್ಲಿ ಮಕ್ಕಳನ್ನು ತಾಯಿಯ ಹೆಸರಿನಿಂದಲೇ ಗುರುತಿಸುವುದು. ಗೋರಿಗಳನ್ನು ಕಾಯುವ ಹಿರಿಯರ ಕೂಟವೇ ಮಿಂತಿ. ಅವರು ಬಂದು, ಬರೆದದ್ದನ್ನು ಗಟ್ಟಿಯಾಗಿ ಓದಿ, ಕಲ್ಲು ಮುಚ್ಚಿ, ಸೀಸದ ಮುದ್ರೆ ಒತ್ತಿ ಹೋದರು. ಅತ್ತೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಆಮೇಲೆ ತಮ್ಮನೂ ಸತ್ತ, ಯಾರದೋ ಗೋರಿಯಲ್ಲಿ ಕಾಡಿ ಬೇಡಿ ಜಾಗ ಹಿಡಿದ, ಮಾತು ಮರೆತುಹೋಯಿತು.

ಪುರಿಹಿ ನನಗಿಂತ ದೊಡ್ಡವನು. ಅವನನ್ನು ನೆನೆಸಿಕೊಂಡರೆ ಮೊದಲು ಬರುವುದು ಮೂಗು. ಚಿಕ್ಕವನಿದ್ದಾಗ ಪಕ್ಕದ ಮನೆಯ ಅಂಜೂರದ ಮರದಿಂದ ಬಿದ್ದು ಮೂಗು ಮುರಿದುಕೊಂಡಿದ್ದ. ಆ ಮನೆಯ ಇಯಾಮಾರ ಅಜ್ಜನೇ ಓಡಿ ಬಂದು, ಬೈಯುತ್ತಲೇ ಮೂಗನ್ನು ಕೂರಿಸಿ ಬಟ್ಟೆ ಕಟ್ಟಿದ್ದ. ಮೂಗು ಕೂತಿತು, ಆದರೆ ನಡುವೆ ಒಂದು ಗಂಟು ಉಳಿಯಿತು, ಪುಟ್ಟ ಕಡಲೆಕಾಳಿನಂಥದು. ಪುರಿಹಿಗೆ ಅದರ ಬಗ್ಗೆ ಹೆಮ್ಮೆಯೋ ಹೆಮ್ಮೆ. ಹುಡುಗಿಯರ ಮುಂದೆ ಯುದ್ಧದಲ್ಲಿ ಆದ ಗಾಯ ಅನ್ನುತ್ತಿದ್ದ.

ಯುದ್ಧಕ್ಕೆ ಆಮೇಲೆ ನಿಜವಾಗಿಯೂ ಹೋದ. ಪಾರಸೀಕ ಮಹಾರಾಜ ಹಡಗು ಕೇಳಿದರೆ ನಮ್ಮ ಒಡೆಯ ಹುಮ್ರಖ ಇಲ್ಲವೆನ್ನುವಂತಿರಲಿಲ್ಲ, ಹುಮ್ರಖ ಹುಡುಗರನ್ನು ಕೇಳಿದರೆ ನಾವು ಇಲ್ಲವೆನ್ನುವಂತಿರಲಿಲ್ಲ. ಪತ್ತರ ಬಂದರಿನಿಂದ ಹುಟ್ಟು ಹಾಕಿಕೊಂಡು ಹೊರಟ ಪುರಿಹಿ ಸೈಪ್ರಸ್ಸಿನ ಹತ್ತಿರ ಬಿರುಗಾಳಿಗೆ ಸಿಕ್ಕ. ಬದುಕಿ ಬಂದವನೊಬ್ಬ ಅತ್ತೆಯ ಮುಂದೆ ನಿಂತು ಹೇಳಿದ. ದೇಹ ಬರಲಿಲ್ಲ. ದೇಹ ಇಲ್ಲದ ಮೇಲೆ ಗೋರಿ ತೆರೆಯುವುದು ಎಲ್ಲಿಂದ ಬಂತು? ಎಡಗಡೆಯ ಜಗಲಿ ಹಾಗೇ ಖಾಲಿ ಉಳಿಯಿತು.

ಅತ್ತೆಗೆ ಅದೇ ಒಂದು ಕೊರಗು. ಸತ್ತದ್ದಕ್ಕಿಂತ ಮಲಗಲು ಜಾಗವಿದ್ದೂ ಮಲಗಲಿಲ್ಲವಲ್ಲ ಅನ್ನುವುದು. "ಜಗಲಿ ಅವನ ಅಳತೆಗೇ ಕೊರೆಸಿದ್ದು," ಅನ್ನುತ್ತಿದ್ದಳು. "ಇನ್ನೂ ಬೆಳೀತಾನೆ ಅಂತ ಒಂದ್ ಗೇಣು ಹೆಚ್ಚೇ ಇಟ್ಟಿದ್ದೆ."

ಮಾವ ಸೂತಕದ ವಾಡಿಕೆಯಂತೆ ಹೆಂಗಸಿನ ಉಡುಪು ಉಟ್ಟ. ಅತ್ತೆಯ ಹಳದಿ ಬಟ್ಟೆ ಅವನಿಗೆ ಮೊಣಕಾಲು ದಾಟುತ್ತಿರಲಿಲ್ಲ. ದುಃಖಪಡುವ ಗಂಡಸು ಹೆಂಗಸಾಗಬೇಕು, ಅಳು ಹೆಂಗಸರದು, ಅದನ್ನು ಸಾಲ ಪಡೆದ ಮೇಲೆ ಬಟ್ಟೆಯನ್ನೂ ಪಡೆಯಬೇಕು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆ ಉಡುಪಿನಲ್ಲೇ ಕೆಲಸಕ್ಕೂ ಹೋಗುತ್ತಿದ್ದ. ಟಂಕಸಾಲೆಯಲ್ಲಿ ಸುತ್ತಿಗೆ ಹೊಡೆಯುವ ಕ್ರುಸ್ತಿ ಮಾವನ ಜೀವದ ಗೆಳೆಯ, ಕಂಬದಂಥ ತೋಳು, ಕಾಗೆಯಂಥ ದನಿ.

"ಬಾರಕ್ಕಾ," ಅನ್ನುತ್ತಿದ್ದ ಕ್ರುಸ್ತಿ. "ಉಳಿ ಮಸೆದಿಟ್ಟಿದೀನಿ. ಊಟ ಮಾಡ್ದ್ಯಾ?"

"ಹೂಂ."

"ಸುಳ್ಳು. ತಗೋ, ಗಿಣ್ಣು ತಿನ್ನು. ಸೆರಗಿಗೆ ಒರೆಸ್ಕೋಬೇಡ, ತಿಕೆಯಕ್ಕ ನನ್ನ ಬೈತಾಳೆ."

ಆ ಸೂತಕದ ನಡುವೆಯೇ ಅರಮನೆಯಿಂದ ಅಪ್ಪಣೆ ಬಂತು. ಹುಮ್ರಖನಿಗೆ ಹಂದಿ ಸಾಕಾಗಿತ್ತು. ಬೆಳ್ಳಿಯ ಮೇಲೆ ತನ್ನ ಮುಖವೇ ಬರಬೇಕಂತೆ! ನಮ್ಮ ಕಣಿವೆಯಲ್ಲಿ ಮನುಷ್ಯನ ಮುಖದ ನಾಣ್ಯ ಯಾರೂ ಕಂಡಿರಲಿಲ್ಲ. ಮಹಾರಾಜ ದೂರದ ಸೂಸಾದಲ್ಲಿ, ಅವನ ಪರವಾಗಿ ಪ್ರಾಂತ್ಯ ಆಳುವ ಕ್ಷತ್ರಪ ಸಾರ್ದಿಸ್‌ನಲ್ಲಿ. ಅವರಿಗೆ ಕಪ್ಪ ತಲುಪಿದರೆ ಆಯಿತು, ನಮ್ಮ ನಾಣ್ಯದ ಮೇಲೆ ಹಂದಿ ಇದೆಯೋ ಹುಮ್ರಖ ಇದ್ದಾನೋ ಕೇಳುವವರಿರಲಿಲ್ಲ.

ಮಾವ ಒಡೆಯನ ಮುಖ ನೋಡಲು ಹೋದ. ಸೂತಕದ ಉಡುಪಿನವನು ಹೊಸ್ತಿಲು ದಾಟುವಂತಿಲ್ಲ. ಹಜಾರದ ಆಚೆ ತುದಿಯಲ್ಲಿ ಹುಮ್ರಖ ಪಾರಸೀಕರ ಹಾಗೆ ಕಿವಿ ಗಲ್ಲ ಎಲ್ಲ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ಕಾಣುತ್ತಿದ್ದದ್ದು ಮೀಸೆ ಒಂದೇ.

"ಟೊಪ್ಪಿಗೆ ಸ್ವಲ್ಪ ತೆಗೆದ್ರೆ..." ಎಂದ ಮಾವ, ಬಾಗಿಲಲ್ಲಿದ್ದವನಿಗೆ.

"ಅವರ ಟೊಪ್ಪಿಗೆ ತೆಗೆದ್ರೆ ನಿನ್ ತಲೆ ತೆಗೀತಾರೆ. ಇಲ್ಲಿಂದ್ಲೇ ನೋಡ್ಕೊಂಡು ಹೋಗಕ್ಕಾ."

ಮಾವ ಬಂದು ಕೂತು ಕೊರೆದ. ಕಣ್ಣು ತುಂಬಿ ತುಂಬಿ ಬರುತ್ತಿತ್ತಂತೆ, ತೋಳಿನಿಂದ ಒರೆಸಿಕೊಂಡು ಮತ್ತೆ ಬಾಗುತ್ತಿದ್ದನಂತೆ. ಬೇರೆ ದಿನವಾಗಿದ್ದರೆ ನಡುನಡುವೆ ಮೇಣಕ್ಕೆ ಒತ್ತಿ, ಮುಖ ನೆಟ್ಟಗೆ ಹೇಗೆ ಬರುತ್ತದೆಂದು ನೋಡುತ್ತಿದ್ದ. ಅರಮನೆಯವರ ಅವಸರ. ಅಚ್ಚು ಮುಗಿದ ಕೂಡಲೇ ಅಡಿಗಲ್ಲಿಗೆ ಕೂರಿಸಿದರು. ಅರಮನೆಯ ಆಳು ಪಕ್ಕದಲ್ಲೇ ಕಾದು ನಿಂತಿದ್ದ. ಕ್ರುಸ್ತಿ ಬೆಳ್ಳಿಯ ಬಿಲ್ಲೆ ಇಟ್ಟು, ಹಿಂಬದಿಯ ಗುರುತಾದ ಮೂರು ಕಾಲಿನ ಚಕ್ರ ಕೊರೆದಿದ್ದ ಮೇಲಚ್ಚನ್ನು ಅದರ ಮೇಲೆ ಹಿಡಿದು, ಸುತ್ತಿಗೆ ಎತ್ತಿ ಒಂದು ಬಿಟ್ಟ. ನಾಣ್ಯ ಎತ್ತಿಕೊಂಡ. ನೋಡಿದ. ಅವನ ಕಾಗೆ ದನಿ ಪಿಸುಮಾತಾಯಿತು.

"ಪದ್ರಮಾ, ಇದನ್ನ ನೋಡ್ದ್ಯಾ?"

"ಯಾಕೆ, ಬಿರುಕು ಬಿಡ್ತಾ?"

"ಬಿರುಕಲ್ಲ ಕಣೋ. ಮೂಗು."

ಮಾವ ನೋಡಿದ. ಅಷ್ಟು ದಿನ ಗುಳಿಯಾಗಿ, ತಿರುಗುಮುರುಗಾಗಿ ಕಂಡಿದ್ದದ್ದು ಈಗ ಉಬ್ಬಿ, ನೆಟ್ಟಗೆ, ಬೆಚ್ಚಗೆ ಅಂಗೈ ಮೇಲಿತ್ತು. ಟೊಪ್ಪಿಗೆ ಹುಮ್ರಖನದು. ಸುತ್ತ ಬರೆದ ಹೆಸರು ಹುಮ್ರಖನದು. ಮುಖ ಪುರಿಹಿಯದು. ಮೂಗಿನ ಮೇಲೆ ಕಡಲೆಕಾಳು!

ಇಬ್ಬರೂ ಬಾಯಿಬಿಡುವ ಮೊದಲೇ ಅರಮನೆಯ ಆಳು ಅದನ್ನು ಕಿತ್ತುಕೊಂಡು ಓಡಿದ. ಒಡೆಯನ ಮುಖ ಕೊರೆ ಅಂದರೆ ಮಗನ ಮುಖ ಕೊರೆದವನಿಗೆ ಏನು ಕಾದಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೈ ಹೋಗುತ್ತದೆ, ಕೈಯ ಜೊತೆ ಇನ್ನೇನೇನೋ.

ಆದರೆ ಆದದ್ದೇ ಬೇರೆ. ಆಮೇಲೆ ಕ್ರುಸ್ತಿ ಇದನ್ನು ಅಭಿನಯಿಸಿ ತೋರಿಸಿದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಹುಮ್ರಖ ನಾಣ್ಯ ನೋಡಿದ, ಸುತ್ತ ನಿಂತವರು ಅವನ ಮುಖ ನೋಡಿದರು, ಅವನು ಮುಗುಳ್ನಕ್ಕ, ತಕ್ಷಣ ಎಲ್ಲರೂ ಶುರುಮಾಡಿದರು.

"ಥೇಟ್ ಒಡೆಯರೇ!"

"ಆ ಮೂಗು ನೋಡಿ, ಮೂಗು! ರಾಜಮೂಗು ಅಂದ್ರೆ ಇದು!"

ಹುಮ್ರಖ ತನ್ನ ಚಪ್ಪಟೆ ಮೂಗನ್ನು ಎರಡು ಬೆರಳಿಂದ ಮುಟ್ಟಿ ನೋಡಿಕೊಂಡನಂತೆ. "ಕೆಲಸಗಾರ ಗಟ್ಟಿಗ," ಅಂದನಂತೆ. ಮಾವನ ಮನೆಗೆ ಒಂದು ಗಡಿಗೆ ಜೇನುತುಪ್ಪ ಬಂತು.

ಮಾವ ಅತ್ತೆಗೆ ಏನೂ ಹೇಳಲಿಲ್ಲ. ಕೂಲಿಯ ಬೆಳ್ಳಿ ತಂದು ಹಲಗೆಯ ಮೇಲಿಟ್ಟು ಅಂಗಳಕ್ಕೆ ಹೋಗಿ ನಿಂತ. ಆ ದಿನ ನಾನೂ ಅಮ್ಮನೂ ಅಲ್ಲೇ ಇದ್ದೆವು. ಅತ್ತೆ ಮಾತಾಡುತ್ತಲೇ ನಾಣ್ಯ ಎತ್ತಿಕೊಂಡಳು. ಮಾತು ನಿಂತಿತು. ಅತ್ತೆಯ ಮಾತು ನಿಂತದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲೇ ಇಲ್ಲ. ಹಿಟ್ಟಿನ ಕೈಯಲ್ಲೇ ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಬಂದ್ಯಾ?" ಅಂದಳು.

ಅಲ್ಲಿಂದ ಮುಂದಿನ ಕಾಲ ಅತ್ತೆಯ ಬದುಕಿನಲ್ಲೇ ಚೆಂದದ ಕಾಲ, ಹೇಳಲು ವಿಚಿತ್ರ, ಆದರೆ ನಿಜ. ಏನೂ ಬೇಡದಿದ್ದರೂ ಸಂತೆಗೆ ಹೋಗುವಳು. ಮೀನು ಮಾರುವ ಉಪಾಜಿಯ ಹಲಗೆಯ ಮುಂದೆ ನಿಂತು, ಚಿಲ್ಲರೆ ತೋರಿಸು ಅನ್ನುವಳು.

"ಅಕ್ಕಾ, ಮೀನು ನೋಡು. ದುಡ್ಡು ನೋಡಿದ್ರೆ ಹೊಟ್ಟೆ ತುಂಬತ್ತಾ?"

"ಮೀನಿಗೇನು, ನಾಳೇನೂ ಸಿಗತ್ತೆ. ಹೊಸದು ಬಂದಿದ್ರೆ ತೋರ್ಸೇ."

"ಒಡೆಯರ ಮೇಲೆ ಇಷ್ಟು ಮೋಹ ಒಳ್ಳೇದಲ್ಲ ಕಣಕ್ಕಾ. ಪದ್ರಮಣ್ಣಂಗೆ ಹೇಳ್ಲಾ?"

ಊಟದ ಹೊತ್ತಿಗೆ ಸುದ್ದಿ ಬೇರೆ. "ಇವತ್ತು ಉಪ್ಪಿನವನ ಹತ್ರ ಇದ್ದ. ಪಾಪ, ಮುಖಕ್ಕೆಲ್ಲ ಉಪ್ಪು." "ಇವತ್ತು ಬಂದರಿಗೆ ಹೋದ. ಹಡಗು ಹತ್ತದೇ ಇದ್ರೆ ಸಾಕು." ಮಾವ ಹೂಂಗುಟ್ಟುತ್ತಿದ್ದ. ಒಂದು ಅಚ್ಚು ಸವೆದರೆ ಮತ್ತೊಂದು ಕೊರೆಯಬೇಕಲ್ಲ, ಪ್ರತಿ ಸಲವೂ ಅದೇ ಮುಖ, ಅದೇ ಗಂಟು. ಒಡೆಯನಿಗೆ ಬೇರೆ ಮೂಗು ಬೇಡವೇ ಬೇಡ! ಊರಿನಲ್ಲಿ ಗುರುತು ಹಿಡಿದವರು ಇರಲಿಲ್ಲವೇ? ಇದ್ದರು. ಯಾರೂ ಬಾಯಿಬಿಡಲಿಲ್ಲ. ಅಂಥ ಮಾತು ಆಡುವವನಿಗೂ ಒಳ್ಳೆಯದಲ್ಲ, ಕೇಳುವವನಿಗೂ ಅಲ್ಲ.

ಆಮೇಲೆ ಹುಮ್ರಖ ಕ್ಷತ್ರಪನ ಮೇಲೆ ತಿರುಗಿಬಿದ್ದ. ದೊಡ್ಡವರ ಜಗಳ, ನಮಗೆ ಬಂದದ್ದು ಹೊಗೆ ಮಾತ್ರ. ಒಂದು ಬೇಸಗೆಯಲ್ಲೇ ಅವನ ಕೋಟೆ ಬಿತ್ತು, ತಲೆಯೂ ಬಿತ್ತು, ಕಣಿವೆ ಜಿಸ್ಕವಾ ಎನ್ನುವ ಇನ್ನೊಬ್ಬ ಒಡೆಯನ ಪಾಲಾಯಿತು. ಅವನು ಕ್ಷತ್ರಪನ ಮಿತ್ರ. ಬಂದವನೇ ಡಂಗುರ ಹೊಡೆಸಿದ: ದ್ರೋಹಿಯ ಮುಖವಿರುವ ಬೆಳ್ಳಿಯನ್ನೆಲ್ಲ ಅಮಾವಾಸ್ಯೆಯೊಳಗೆ ಟಂಕಸಾಲೆಗೆ ತರಬೇಕು, ಅದರ ಮೇಲೆಯೇ ಹೊಸ ಅಚ್ಚು ಬೀಳುತ್ತದೆ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಜಿಸ್ಕವಾನ ಹೆಸರು. ಆಮೇಲೆ ಯಾರ ಮನೆಯಲ್ಲಿ ಆ ಮುಖ ಸಿಕ್ಕರೂ ಅವನು ಹುಮ್ರಖನ ಕಡೆಯವನೇ.

ಸಿಂಹ ಕೊರೆಯುವವನು ಯಾರು? ನನ್ನ ಮಾವ, ಇನ್ಯಾರು!

ಅತ್ತೆ ಒಂದೇ ಒಂದು ನಾಣ್ಯ ಉಳಿಸಿಕೊಂಡಿದ್ದಳು, ಆ ಮೊದಲನೆಯ ಕೂಲಿಯದು. "ಇದನ್ನ ಕೊಡಲ್ಲ," ಅಂದಳು. "ಮನೇಲೂ ಇಡಲ್ಲ. ಅವನ ಜಗಲಿ ಮೇಲೆ ಇಡೋಣ. ಕಲ್ಲು ಮುಚ್ಚಿ ಮುದ್ರೆ ಒತ್ತಿದ್ರೆ ಯಾರು ನೋಡ್ತಾರೆ? ಅವನೂ ಮಲಗಿದ ಹಾಗಾಗತ್ತೆ."

ಮಾವ ಮೊದಲು ಬೇರೆ ದಾರಿ ಹುಡುಕಿದ. ನಾಣ್ಯ ಬೇಡ, ಮುಖವನ್ನೇ ಹೊಸದಾಗಿ ಕೊರೆದು ಕೊಡುತ್ತೇನೆ ಅಂದ. ಒಂದು ತುಂಡು ನುಣ್ಣನೆಯ ಕಲ್ಲು ಹಿಡಿದು ಅಂಗಳದಲ್ಲಿ ಕೂತ. ಕೊರೆದ, ಒರೆಸಿದ, ಮತ್ತೆ ಕೊರೆದ. ನಾವು ಸುತ್ತ ಕೂತು ನೋಡಿದೆವು. ಬಂದದ್ದು ಟೊಪ್ಪಿಗೆ ಹಾಕಿದ ಹುಮ್ರಖನ ನಾಣ್ಯವೇ. ಟೊಪ್ಪಿಗೆ ಕೆರೆದು ತೆಗೆದ. ಅದರ ಕೆಳಗೆ ಕೂದಲು ಹೇಗಿತ್ತು?

"ಸುರುಳಿ," ಎಂದಳು ಅತ್ತೆ.

"ಸುರುಳಿ ಅಂತ ನೆನಪಿದೆ. ಕಾಣ್ತಾ ಇಲ್ಲ." ಮಾವ ಉಳಿ ಕೆಳಗಿಟ್ಟ. "ಅಷ್ಟು ಸಲ ಅದನ್ನೇ ಕೊರೆದು ಕೊರೆದು, ಈಗ ನಾಣ್ಯ ಒಂದೇ ಕಾಣತ್ತೆ. ಅವನು ಕಾಣಲ್ಲ."

ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಕ್ರುಸ್ತಿಯನ್ನು ಅತ್ತೆ ಕೇಳಿದಳು, "ಮಣ್ಣಿಗೆ ಒತ್ತಿಟ್ಕೊಂಡ್ರೆ? ಮುಖ ಮಣ್ಣಲ್ಲಾದ್ರೂ ಉಳಿಯತ್ತಲ್ಲ?"

"ಅಕ್ಕಾ, ಟಂಕಸಾಲೆಯವನ ಮನೇಲಿ ನಾಣ್ಯ ಒತ್ತಿದ ಮಣ್ಣು ಸಿಕ್ಕಿದ್ರೆ ಅದಕ್ಕೆ ಒಂದೇ ಹೆಸರು. ಖೋಟಾ ಅಚ್ಚು. ಕೈ ಕತ್ತರಿಸೋರು ಮಗನ ಕತೆ ಕೇಳ್ಕೊಂಡು ಕೂರಲ್ಲ."

ಹಾಗಾಗಿ ಉಳಿದದ್ದು ಗೋರಿಯೊಂದೇ. ಮುದ್ರೆ ಒಡೆಯಲು ಮಿಂತಿಯವರು ಬೇಕು. ಆ ವರ್ಷ ಮಿಂತಿಯ ಹಿರಿಯ ಬೇರೆ ಯಾರೂ ಅಲ್ಲ, ಅದೇ ಅಂಜೂರದ ಮರದ ಇಯಾಮಾರ ಅಜ್ಜ. ಅತ್ತೆಗೆ ಹೋದ ಜೀವ ಬಂದಂತಾಯಿತು. ಕೈಯಾರೆ ಮೂಗಿಗೆ ಬಟ್ಟೆ ಕಟ್ಟಿದವನು ಇಲ್ಲ ಅಂದಾನೆಯೇ?

ಬೆಳಗ್ಗೆ ಬಿಸಿಲೇರುವ ಮೊದಲೇ ಹತ್ತಿದೆವು, ಮಾವ, ಅತ್ತೆ, ಅಮ್ಮ, ನಾನು. ಅಜ್ಜ ಮೊಣಕಾಲು ಹಿಡಿದುಕೊಂಡು ಹಿಂದೆ ಬಂದ, ಹೆಜ್ಜೆಗೊಂದು ಬೈಗುಳ. "ಸತ್ತೋರನ್ನ ಇಷ್ಟು ಎತ್ತರಕ್ಕೆ ಇಟ್ಟೋರು ಯಾರೋ! ನನ್ನಂಥ ಮುದುಕ್ರು ನೋಡೋಕೆ ಬರೋಷ್ಟ್ರಲ್ಲಿ ಅವ್ರ ಪಕ್ಕದಲ್ಲೇ ಮಲಗ್ಬೇಕಾಗತ್ತೆ." ನಾವೆಲ್ಲ ನಕ್ಕೆವು, ಅತ್ತೆಯೂ.

ಗೋರಿಯ ಮುಂದೆ ನಿಂತು ಅವನು ವಾಡಿಕೆಯಂತೆ ಬಾಗಿಲ ಮೇಲಿನ ಬರಹ ಓದಿದ. ತನಗೆ, ಹೆಂಡತಿ ತಿಕೆಯುಗೆ, ತಿಕೆಯುವಿನ ಮಗ ಪುರಿಹಿಗೆ. ಓದಿ ಮುಗಿಸಿ ಕೇಳಲೇಬೇಕಾದ ಮಾತು ಕೇಳಿದ.

"ಯಾರನ್ನ ಮಲಗಿಸ್ತೀರಿ?"

"ನನ್ ಮಗ ಪುರಿಹೀನ," ಎಂದಳು ಅತ್ತೆ.

"ಎಲ್ಲಿ?"

ಅತ್ತೆ ಮುಷ್ಟಿ ಬಿಚ್ಚಿದಳು. ಅಜ್ಜ ನಾಣ್ಯ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ. ತುಟಿ ಅಲ್ಲಾಡಿಸಿ ಅಕ್ಷರ ಕೂಡಿಸಿದ.

"ಇಲ್ಲಿ ಹುಮ್ರಖ ಅಂತಿದೆಯಲ್ಲಮ್ಮ."

"ಹೆಸರು ಓದ್ಬೇಡ ಅಜ್ಜಾ. ಮುಖ ನೋಡು."

ಅಜ್ಜ ನೋಡಿದ. ತುಂಬ ಹೊತ್ತು ನೋಡಿದ. ಹೆಬ್ಬೆರಳು ತಾನಾಗಿಯೇ ಹೋಗಿ ಮೂಗಿನ ಗಂಟಿನ ಮೇಲೆ ನಿಂತಿತು, ಹಿಂದೆ ಬಟ್ಟೆ ಕಟ್ಟುವಾಗ ನಿಂತ ಹಾಗೇ. ಅವನಿಗೆ ಗೊತ್ತಾಯಿತೆಂದು ನಮಗೆಲ್ಲ ಗೊತ್ತಾಯಿತು. ಆಗುತ್ತದೆ, ಈಗ ಆಗಿಯೇ ಆಗುತ್ತದೆ ಅನ್ನಿಸಿತು!

"ತಿಕೆಯೂ," ಎಂದ ಅಜ್ಜ, ಈಗ ದನಿ ತೀರ ಮೆತ್ತಗೆ. "ನಾನು ಹೆಸರು ಓದಿದ್ರೆ ಗೋರಿ ತೆರೆಯೋ ಹಾಗಿಲ್ಲ. ಬೇರೆಯವನನ್ನ ಇಲ್ಲಿ ಮಲಗಿಸ್ಬೇಡಿ ಅಂತ ಕಲ್ಲೇ ಹೇಳತ್ತೆ, ಅದ್ರಲ್ಲೂ ಈ ಹೆಸರಿನವನನ್ನ. ಮುಖ ನೋಡಿದ್ರೆ ನಿನ್ ಗಂಡನ ಕೈ ಹೋಗತ್ತೆ. ಒಡೆಯನ ಜಾಗದಲ್ಲಿ ಮಗನ್ನ ಕೂರಿಸ್ದ ಅಂತ ನಾನೇ ಸಾಕ್ಷಿ ಹೇಳಿದ ಹಾಗೆ. ಇವತ್ತು ಯಾವ ಒಡೆಯನಾದ್ರೇನು, ನಾಳೆ ಅವನದ್ದೂ ಮುಖ ಇವನೇ ಕೊರೀಬೇಕಲ್ಲ, ಬಿಡ್ತಾರಾ? ಎರಡ್ರಲ್ಲಿ ಯಾವ್ದು ಮಾಡ್ಲಿ? ನೀನೇ ಹೇಳು."

ಅತ್ತೆ ಚಾಚಿದ ಅಂಗೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"'ತಾನು ಒಪ್ಪಿದವರಿಗೆ' ಅಂತ ಒಂದ್ ಸಾಲಿದ್ದಿದ್ರೆ," ಅಜ್ಜ ಬಾಗಿಲ ಕಡೆ ನೋಡಿದ, "ಪದ್ರಮ ಒಪ್ಪಿದ ಅಂತ ಕಣ್ಣು ಮುಚ್ಕೊಂಡು ಮುದ್ರೆ ಒಡೀತಿದ್ದೆ. ಯಾರು, ಏನು ಅಂತ ಕೇಳೋ ಕೆಲ್ಸಾನೇ ನಂಗೆ ಇರ್ತಿರಲಿಲ್ಲ. ಎಲ್ಲರ ಗೋರಿ ಮೇಲೂ ಇರತ್ತಲ್ಲೋ ಅದು. ನಿಂದ್ರಲ್ಲಿ ಯಾಕಿಲ್ಲ?"

ಮಾವ ಕಲ್ಲನ್ನು ನೋಡಿದ. ಕುಡುಕ ಭಾವಮೈದುನ ಎಲ್ಲಿಂದಲೋ ನಕ್ಕಂತಾಯಿತು ನನಗೆ.

"ಈಗ ಸೇರಿಸಿ ಕೊರೀತೀನಿ," ಎಂದ ಮಾವ. "ಉಳಿ ತಂದಿದೀನಿ ಅಜ್ಜಾ. ಒಂದ್ ಗಳಿಗೆ."

"ಮಿಂತಿ ಮುಂದೆ ಒಮ್ಮೆ ಓದಿಯಾದ ಮೇಲೆ ಅಕ್ಷರ ಸೇರ್ಸೋ ಹಾಗಿಲ್ಲ ಕಣಪ್ಪ. ಹಾಗೆ ಬಿಟ್ರೆ ನಾಳೆ ಯಾರ್ಯಾರೋ ಬಂದು ಯಾರ್ಯಾರ ಗೋರೀಲೋ ಮಲಗ್ತಾರೆ. ನೀನೇ ತಾನೇ ಅದಕ್ಕೆ ಹೆದರಿ ಬರೆಸಿದ್ದು?"

ಅವನು ನಾಣ್ಯವನ್ನು ಅತ್ತೆಯ ಅಂಗೈಗಿಟ್ಟು, ಬೆರಳುಗಳನ್ನು ತಾನೇ ಮಡಚಿ ಮುಚ್ಚಿದ. "ನಾನು ಮೇಲೆ ಹತ್ತಲಿಲ್ಲ. ಮೊಣಕಾಲು ನೋವು ಅಂತ ಅರ್ಧದಲ್ಲೇ ವಾಪಸ್ ಹೋದೆ. ತಿಳೀತಾ?" ಅಂದು ಇಳಿಯತೊಡಗಿದ. ಇಳಿಯುವಾಗ ಬೈಯಲಿಲ್ಲ.

ಮನೆಗೆ ಬಂದು ಮಾವ ಕೊನೆಯ ಪ್ರಯತ್ನ ಮಾಡಿದ. ಹೆಸರನ್ನೇ ಕೆರೆದುಬಿಟ್ಟರೆ? ಹೆಸರಿಲ್ಲದಿದ್ದರೆ ಅಜ್ಜ ಓದುವುದೇನನ್ನು? ನಾಣ್ಯವನ್ನು ಇಕ್ಕಳಕ್ಕೆ ಸಿಗಿಸಿ, ಸಣ್ಣ ಉಳಿ ತೆಗೆದುಕೊಂಡ. ಹೆಸರು ಹಣೆಯ ಮುಂದಿನಿಂದ ಶುರುವಾಗಿ ಮುಖದ ಸುತ್ತ ಇಳಿದು, ಕೊನೆಯ ಅಕ್ಷರ ಸರಿಯಾಗಿ ಕತ್ತಿನ ಮೇಲೆ ಕೂತಿತ್ತು. ಕೊರೆಯುವಾಗ ಜಾಗ ಸಾಲದೆ ಅವನೇ ಹಾಗೆ ಕೂರಿಸಿದ್ದ. ಉಳಿಯ ತುದಿ ಆ ಅಕ್ಷರದ ಮೇಲೆ ನಿಂತಿತು.

"ಬೇಡ," ಎಂದಳು ಅತ್ತೆ. "ಕತ್ತಿನ ಹತ್ರ ಉಳಿ ತರ್ಬೇಡ."

ಮಾವ ಇಕ್ಕಳ ಸಡಿಲಿಸಿದ.

ಅಮಾವಾಸ್ಯೆಯ ದಿನ ಟಂಕಸಾಲೆಯ ಮುಂದೆ ಸಾಲು ನಿಂತಿತ್ತು. ಅತ್ತೆ ತಾನೇ ಹೋಗಿ ನಿಂತಳು, ನಾನು ಜೊತೆಗೆ. ಕೊಡದೆ ಇಟ್ಟುಕೊಳ್ಳೋಣ ಅಂದಿದ್ದೆ ನಾನು. ಮನೆ ಹುಡುಕುವವರು ಮೊದಲು ಬರುವುದೇ ಅಚ್ಚು ಕೊರೆಯುವವನ ಮನೆಗೆ ಕಣೇ, ಅಂದಿದ್ದಳು. ಒಳಗೆ ಮಾವ ಕೆಂಡದಿಂದ ಕಾದ ನಾಣ್ಯಗಳನ್ನು ಇಕ್ಕಳದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಡುತ್ತಿದ್ದ, ಕ್ರುಸ್ತಿ ಹೊಡೆಯುತ್ತಿದ್ದ, ಜಿಸ್ಕವಾನ ಅಧಿಕಾರಿ ಒಂದೊಂದನ್ನೂ ಎತ್ತಿ ನೋಡುತ್ತಿದ್ದ. ಸಿಂಹದ ಅಚ್ಚನ್ನು ಆಳವಿಲ್ಲದೆ ಕೊರೆಯಬೇಕು, ಕೆಳಗಿನ ಮುಖ ಸ್ವಲ್ಪವಾದರೂ ಉಳಿಯುತ್ತದೆ ಅಂತ ಮಾವ ಅಂದುಕೊಂಡಿದ್ದನಂತೆ. ಕೂತ ಮೇಲೆ ಕೈ ಮಾತು ಕೇಳಲಿಲ್ಲ. ಕ್ಷತ್ರಪನವರೆಗೂ ಹೆಸರಾಗುವಂಥ ಸಿಂಹವೇ ಬಂತು. ಕೆಟ್ಟದಾಗಿ ಕೊರೆಯಲು ಅವನಿಗೆ ಬರುತ್ತಲೇ ಇರಲಿಲ್ಲ.

ಅತ್ತೆಯ ನಾಣ್ಯ ಕೆಂಡಕ್ಕೆ ಬಿತ್ತು. ಕೆಂಪಾಯಿತು. ಮಾವ ಎತ್ತಿದ. ಅಡಿಗಲ್ಲಿನ ಮೇಲಿಟ್ಟ. ಕ್ರುಸ್ತಿ ಸುತ್ತಿಗೆ ಎತ್ತಿದವನು ಮಾವನ ಕಡೆ ವಾಲಿದ.

"ಮೆಲ್ಲಗೆ ಹೊಡೀಲಾ?"

ಮಾವ ಬಾಯಿ ತೆರೆದ. ಹೂಂ ಅನ್ನುವುದೊಂದೇ ಅವನಿಗೆ ಜೀವಮಾನವಿಡೀ ಬರುತ್ತಿದ್ದದ್ದು, ಅದೂ ಹೊರಡಲಿಲ್ಲ.

ಕ್ರುಸ್ತಿ ಮೆಲ್ಲಗೇ ಹೊಡೆದ. ಅಧಿಕಾರಿ ನಾಣ್ಯ ಎತ್ತಿ ಬೆಳಕಿಗೆ ಹಿಡಿದ. "ಏನಯ್ಯಾ ಇದು? ಸಿಂಹದ ಮುಖದ ಮೇಲೆ ಮನುಷ್ಯನ ಮೂಗಿದೆ. ತೋಳಲ್ಲಿ ಶಕ್ತಿ ಇಲ್ವಾ?"

"ಬೆಳಗಿಂದ ಹೊಡೀತಿದೀನಿ ಬುದ್ಧಿ."

"ಇನ್ನೊಂದ್ ಬಿಡು."

ಮಾವ ಅದನ್ನು ಮತ್ತೆ ಇಕ್ಕಳದಲ್ಲಿ ಹಿಡಿದು ನೇರ ಕೂರಿಸಿದ. ಓರೆಯಾಗಿ ಇಟ್ಟಿದ್ದರೆ? ಅದೂ ಅವನಿಗೆ ಬರುತ್ತಿರಲಿಲ್ಲ. ಸುತ್ತಿಗೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ನಾನೇ ಕೂಗಿಬಿಟ್ಟೆ. ಅವಳು ಕೂಗಲಿಲ್ಲ.

ಆ ವಾರದ ಕೂಲಿಯನ್ನು ಮಾವ ಹಲಗೆಯ ಮೇಲಿಟ್ಟಾಗ ಅತ್ತೆ ಒಂದು ನಾಣ್ಯ ಎತ್ತಿಕೊಂಡು ಬಾಗಿಲಿಗೆ ಹೋದಳು. ಬಿಸಿಲಿಗೆ ಹಿಡಿದು ಈ ಕಡೆ ವಾಲಿಸಿದಳು, ಆ ಕಡೆ ವಾಲಿಸಿದಳು. ಅದು ಅದೇ ನಾಣ್ಯ ಇರಬಹುದು, ಇಲ್ಲದಿರಬಹುದು, ಯಾರಿಗೆ ಗೊತ್ತು? ಮಾವ ಅಂಜೂರ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಸಿಂಹ ಚೆನ್ನಾಗಿ ಬಂದಿದೆ," ಅಂದಳು ಅತ್ತೆ.

"ಹೂಂ," ಎಂದ ಮಾವ.

ಆಮೇಲೂ ಅವನು ಬಹಳ ಕಾಲ ಕೊರೆದ. ಒಡೆಯರು ಬದಲಾದರು, ಸಿಂಹ ಹೋಗಿ ಹದ್ದು ಬಂತು, ಹದ್ದು ಹೋಗಿ ಮತ್ತೆ ಹಂದಿ ಬಂತು. ಮುಖ ಕೊರೆ ಅಂದರೆ ಕಣ್ಣು ಮಂಜು ಅನ್ನುತ್ತಿದ್ದ. ಎದುರು ಬಂದವರನ್ನು ತಿರುಗಿಸಿ ನೋಡುವುದನ್ನೂ ಬಿಟ್ಟಿದ್ದ, ನೆಲ ನೋಡಿಕೊಂಡು ನಡೆಯುತ್ತಿದ್ದ. ಅವನು ಸತ್ತಾಗ ಕ್ರುಸ್ತಿ ತನ್ನ ಹೆಂಡತಿಯ ಬಟ್ಟೆ ಉಟ್ಟು, ಆ ಕಂಬದಂಥ ತೋಳುಗಳಲ್ಲಿ ಅವನನ್ನು ತಾನೊಬ್ಬನೇ ಹೊತ್ತು ಮೇಲೆ ಹತ್ತಿದ. ಇಯಾಮಾರ ಅಜ್ಜ ಆಗಲೇ ತನ್ನ ಗೋರಿ ಸೇರಿದ್ದ. ಮಿಂತಿಯ ಹೊಸ ಹಿರಿಯ ಬರಹ ಓದಿ, ಯಾರನ್ನು ಮಲಗಿಸುತ್ತೀರಿ ಅಂದ. ಎರ್ಬಿಯ ಮಗ ಪದ್ರಮನನ್ನು, ಅಂದಳು ಅತ್ತೆ. ಮುದ್ರೆ ಒಡೆದರು. ಎಡಗಡೆಯ ಜಗಲಿ ಮೊದಲ ದಿನ ಕೊರೆದಿಟ್ಟ ಹಾಗೇ ಇತ್ತು, ಉಳಿಯ ಗುರುತೂ ಮಾಸಿರಲಿಲ್ಲ. ಅತ್ತೆ ಅದರ ಮೇಲೆ ಕೈಯಾಡಿಸಿದಳು. ಹಿರಿಯ ಅವಳ ಕೈಯಲ್ಲಿ ಏನಾದರೂ ಇದೆಯೇ ಎಂದು ಕಣ್ಣಿಟ್ಟು ನೋಡುತ್ತಿದ್ದ. ಏನೂ ಇರಲಿಲ್ಲ.

ಅತ್ತೆ ಈಗಲೂ ಸಂತೆಗೆ ಹೋಗುತ್ತಾಳೆ. ಉಪಾಜಿಗೂ ವಯಸ್ಸಾಗಿದೆ, ತಮಾಷೆ ಮಾಡುವುದನ್ನು ಬಿಟ್ಟಿದ್ದಾಳೆ. ಅತ್ತೆ ದೂರದಲ್ಲಿ ಕಂಡ ಕೂಡಲೇ ಮೀನು ಪಕ್ಕಕ್ಕೆ ಸರಿಸಿ, ಹಲಗೆ ಒರೆಸಿ, ಚೀಲದಲ್ಲಿದ್ದ ಸಿಂಹದ ಬೆಳ್ಳಿಯನ್ನೆಲ್ಲ ಹರಡುತ್ತಾಳೆ. ಅತ್ತೆ ಒಂದೊಂದನ್ನೇ ಎತ್ತಿ ಬಿಸಿಲಿಗೆ ವಾಲಿಸುತ್ತಾಳೆ. ಹಿಂದೆ ನಿಂತವರು ಗೊಣಗಿದರೆ ಉಪಾಜಿಯೇ ಗದರುತ್ತಾಳೆ, "ಸ್ವಲ್ಪ ತಡ್ಕೊಳ್ರೋ, ಮೀನು ಎದ್ದು ಓಡಿಹೋಗಲ್ಲ!" ಎಲ್ಲ ನೋಡಿ ಮುಗಿದ ಮೇಲೆ ಅತ್ತೆ ಒಂದು ಸಣ್ಣ ಮೀನು ಕೊಂಡು ಮನೆಗೆ ಬರುತ್ತಾಳೆ.